ಟ್ಯಾಬ್ಲೆಟ್‌ನಲ್ಲಿ ವೈಫೈ ಅಡಾಪ್ಟರೇ ಕಾಣೆಯಾದಾಗ: ದೋಷ ಹುಡುಕುವ ಕ್ರಮ, ಸರಿಪಡಿಸುವ ಬಗೆ

ವೈಫೈಗೆ ಸಂಪರ್ಕ ಸಿಗದಿರುವುದು ಒಂದು ತೊಂದರೆ. ವೈಫೈ ಅಡಾಪ್ಟರ್ (ವೈಫೈ ಸಂಪರ್ಕ ಕೊಡುವ ಒಳಗಿನ ಭಾಗ) ಎಂಬುದೇ ತನ್ನಲ್ಲಿಲ್ಲ ಎಂದು ಟ್ಯಾಬ್ಲೆಟ್ ಹೇಳುವುದು ಬೇರೆಯದೇ ತೊಂದರೆ. ಮೊದಲನೆಯದರಲ್ಲಿ ಸುತ್ತಮುತ್ತಲಿನ ನೆಟ್‌ವರ್ಕ್‌ಗಳ ಹೆಸರು ಕಾಣುತ್ತವೆ, ಪಾಸ್‌ವರ್ಡ್ ಒಪ್ಪುವುದಿಲ್ಲ ಅಥವಾ ಇಂಟರ್ನೆಟ್ ಬರುವುದಿಲ್ಲ. ಅದು ರೌಟರ್‌ನ ಅಥವಾ ಸೆಟ್ಟಿಂಗ್ಸ್‌ನ ಸಮಸ್ಯೆ. ಎರಡನೆಯದರಲ್ಲಿ ಪರದೆಯ ಮೂಲೆಯ ಪಟ್ಟಿಯನ್ನು ತೆರೆದರೆ ಏರೋಪ್ಲೇನ್ ಮೋಡ್ ಗುಂಡಿ ಮಾತ್ರ ಇರುತ್ತದೆ, ವೈಫೈ ಗುಂಡಿ ಇದ್ದ ಜಾಗ ಖಾಲಿಯಾಗಿರುತ್ತದೆ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ವೈಫೈ ಎಂಬ ಸಾಲೇ ಮಾಯವಾಗಿರುತ್ತದೆ. ಈ ಬರಹ ಎರಡನೆಯದಕ್ಕೆ ಮಾತ್ರ ಸಂಬಂಧಿಸಿದ್ದು. ಇವೆರಡನ್ನು ಬೆರೆಸಿಕೊಂಡು ರೌಟರ್ ರೀಸೆಟ್ ಮಾಡುವುದರಲ್ಲಿ, ಪಾಸ್‌ವರ್ಡ್ ಬದಲಿಸುವುದರಲ್ಲಿ ಅರ್ಧ ದಿನ ಕಳೆದವರನ್ನು ನಾನು ಬಹಳ ನೋಡಿದ್ದೇನೆ. ಅಡಾಪ್ಟರ್ ಕಾಣದಿರುವಾಗ ರೌಟರ್‌ಗೂ ಈ ತೊಂದರೆಗೂ ಯಾವ ಸಂಬಂಧವೂ ಇಲ್ಲ.

ಇಲ್ಲಿ ವಿವರಿಸಿರುವ ಹೆಚ್ಚಿನ ಹಂತಗಳು ವಿಂಡೋಸ್ 10 ಮತ್ತು ವಿಂಡೋಸ್ 11 ಇರುವ ಟ್ಯಾಬ್ಲೆಟ್‌ಗಳಿಗೆ ಸೇರಿದವು, ಏಕೆಂದರೆ ಒಳಗೆ ಏನಾಗುತ್ತಿದೆ ಎಂದು ಬಳಕೆದಾರ ತಾನೇ ನೋಡಿ ಕೆಲಸ ಮಾಡಲು ಅಲ್ಲಿ ಅವಕಾಶ ಹೆಚ್ಚು. ಆಂಡ್ರಾಯ್ಡ್ ಟ್ಯಾಬ್ಲೆಟ್ ಮತ್ತು ಐಪ್ಯಾಡ್‌ಗಳಲ್ಲಿ ಮಾಡಬಹುದಾದದ್ದು ಕಡಿಮೆ. ಅದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಅಡಾಪ್ಟರ್ ಕಾಣೆಯಾಗುವುದು ಹೇಗೆ

ಟ್ಯಾಬ್ಲೆಟ್‌ನ ವೈಫೈ ಚಿಪ್ ಮದರ್‌ಬೋರ್ಡಿಗೆ ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದರಿಂದ ಜೋಡಣೆಯಾಗಿರುತ್ತದೆ. ದುಬಾರಿ ಮಾದರಿಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ದಾರಿ, ಆಟಮ್ ಪ್ರೊಸೆಸರ್ ಇರುವ ಅಗ್ಗದ ಹಳೆಯ ಮಾದರಿಗಳಲ್ಲಿ ಬಹುಪಾಲು ಎಸ್‌ಡಿಐಒ ದಾರಿ, ಅಪರೂಪಕ್ಕೆ ಒಳಗಿನ ಯುಎಸ್‌ಬಿ ದಾರಿ. ಟ್ಯಾಬ್ಲೆಟ್ ಆನ್ ಆಗುವಾಗ ಈ ದಾರಿಯಲ್ಲಿ ಯಾರಿದ್ದೀರಿ ಎಂದು ಕೇಳಲಾಗುತ್ತದೆ. ಚಿಪ್ ತನ್ನ ತಯಾರಕ ಸಂಖ್ಯೆಯನ್ನೂ ಮಾದರಿ ಸಂಖ್ಯೆಯನ್ನೂ ಹೇಳಿ ಉತ್ತರಿಸುತ್ತದೆ. ಆ ಉತ್ತರ ಬಂದರೆ ಮಾತ್ರ ವಿಂಡೋಸ್ ಅದಕ್ಕೆ ತಕ್ಕ ಡ್ರೈವರನ್ನು, ಅಂದರೆ ಅದನ್ನು ನಡೆಸುವ ತಂತ್ರಾಂಶವನ್ನು, ಹುಡುಕುತ್ತದೆ. ಆದ್ದರಿಂದ ಚಿಪ್ ಉತ್ತರಿಸುತ್ತಿದೆಯೇ, ಉತ್ತರಿಸಿದರೂ ವಿಂಡೋಸ್‌ಗೆ ಅದರೊಂದಿಗೆ ವ್ಯವಹರಿಸಲು ಆಗುತ್ತಿಲ್ಲವೇ ಎಂಬುದೇ ಇಡೀ ಕೆಲಸದ ಮುಖ್ಯ ಪ್ರಶ್ನೆ. ಚಿಪ್ ಉತ್ತರಿಸದಿದ್ದರೆ ಜಗತ್ತಿನ ಯಾವ ಡ್ರೈವರ್ ಹಾಕಿದರೂ ಪ್ರಯೋಜನವಿಲ್ಲ.

ಚಿಪ್ ಮೌನವಾಗಲು ಅದು ಸುಟ್ಟೇ ಹೋಗಿರಬೇಕೆಂದಿಲ್ಲ. ಟ್ಯಾಬ್ಲೆಟ್‌ಗಳು ಪರದೆ ಆರಿದಾಗ ಪೂರ್ತಿ ನಿಲ್ಲುವುದಿಲ್ಲ. ವೈಫೈ ಚಿಪ್ ಅತಿ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿದು ಮತ್ತೆ ಏಳುತ್ತಿರುತ್ತದೆ. ಹಾಗೆ ಏಳುವಾಗ ಒಮ್ಮೆ ಎಡವಿದರೆ ಅದರೊಳಗಿನ ಫರ್ಮ್‌ವೇರ್ (ಚಿಪ್‌ನಲ್ಲೇ ಓಡುವ ತಂತ್ರಾಂಶ) ಅಲ್ಲೇ ಸಿಕ್ಕಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಆಗಿದ್ದರೆ ಪ್ಲಗ್ ಕಿತ್ತರೆ ಸಾಕಿತ್ತು. ಟ್ಯಾಬ್ಲೆಟ್‌ನಲ್ಲಿ ಬ್ಯಾಟರಿ ಒಳಗೇ ಇರುವುದರಿಂದ ಆ ಚಿಪ್‌ಗೆ ವಿದ್ಯುತ್ ಒಂದಿಷ್ಟು ಹರಿಯುತ್ತಲೇ ಇರುತ್ತದೆ, ಸಿಕ್ಕಿಕೊಂಡದ್ದು ದಿನಗಟ್ಟಲೆ ಹಾಗೇ ಉಳಿಯುತ್ತದೆ.

ಮೊದಲು ನೋಡಬೇಕು, ಆಮೇಲೆ ಮುಟ್ಟಬೇಕು

ಏನನ್ನೂ ಬದಲಿಸುವ ಮುನ್ನ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟ್ ಗುಂಡಿಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬರುವ ಪಟ್ಟಿಯಲ್ಲಿ ಅದು ಸಿಗುತ್ತದೆ. ಮೇಲಿನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಎಂಬುದನ್ನು ಆರಿಸಿ, ನೆಟ್‌ವರ್ಕ್ ಅಡಾಪ್ಟರ್ಸ್ ಎಂಬ ಸಾಲನ್ನು ಬಿಡಿಸಿ ನೋಡಿ. ಮಿನಿಪೋರ್ಟ್ ಎಂದೋ ವೈಫೈ ಡೈರೆಕ್ಟ್ ವರ್ಚುವಲ್ ಅಡಾಪ್ಟರ್ ಎಂದೋ ಇರುವ ಹೆಸರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅವು ವಿಂಡೋಸ್ ತಾನೇ ಸೃಷ್ಟಿಸಿಕೊಂಡ ತೋರಿಕೆಯ ಅಡಾಪ್ಟರ್‌ಗಳು. ಇಂಟೆಲ್, ಕ್ವಾಲ್ಕಾಮ್, ರಿಯಲ್‌ಟೆಕ್, ಬ್ರಾಡ್‌ಕಾಮ್, ಮಾರ್ವೆಲ್, ಮೀಡಿಯಾಟೆಕ್ ಇವುಗಳಲ್ಲಿ ಒಂದರ ಹೆಸರಿರುವ ಸಾಲು ನಿಮ್ಮ ನಿಜವಾದ ಅಡಾಪ್ಟರ್.

ಆ ಸಾಲಿನ ಮೇಲೆ ಕೆಳಮುಖದ ಸಣ್ಣ ಬಾಣವಿದ್ದರೆ ಅಡಾಪ್ಟರನ್ನು ಯಾರೋ ನಿಷ್ಕ್ರಿಯಗೊಳಿಸಿದ್ದಾರೆ ಎಂದರ್ಥ. ಪ್ರಾಪರ್ಟೀಸ್‌ನಲ್ಲಿ ಕೋಡ್ 22 ಎಂದಿರುತ್ತದೆ. ಎನೇಬಲ್ ಡಿವೈಸ್ ಒತ್ತಿದರೆ ಕೆಲಸ ಮುಗಿಯಿತು. ಹಳದಿ ತ್ರಿಕೋನವಿದ್ದು ಕೋಡ್ 10 ಅಥವಾ ಕೋಡ್ 43 ಇದ್ದರೆ ಚಿಪ್ ಉತ್ತರಿಸಿದೆ, ಆದರೆ ಕೆಲಸ ಆರಂಭಿಸಲು ಆಗಿಲ್ಲ ಅಥವಾ ನಡುವೆ ದೋಷ ವರದಿ ಮಾಡಿದೆ. ನೆಟ್‌ವರ್ಕ್ ಅಡಾಪ್ಟರ್ಸ್‌ನಲ್ಲಿ ಏನೂ ಇಲ್ಲದೆ, ಅದರ್ ಡಿವೈಸಸ್ ಎಂಬ ಸಾಲಿನಡಿ ನೆಟ್‌ವರ್ಕ್ ಕಂಟ್ರೋಲರ್ ಎಂದು ಕೋಡ್ 28ರೊಂದಿಗೆ ಕಾಣಿಸಿದರೆ ಅದು ಒಳ್ಳೆಯ ಸುದ್ದಿಯೇ: ಚಿಪ್ ಜೀವಂತವಾಗಿದೆ, ಡ್ರೈವರ್ ಮಾತ್ರ ಇಲ್ಲ. ಹೆಸರು ಮಸುಕಾಗಿ ಕಂಡು, ಒಳಗೆ ಕೋಡ್ 45 ಇದ್ದರೆ ಈ ಸಾಧನ ಹಿಂದೆ ಇತ್ತು, ಈಗ ಜೋಡಣೆಯಲ್ಲಿಲ್ಲ ಎಂದು ವಿಂಡೋಸ್ ಹೇಳುತ್ತಿದೆ. ಮಸುಕಾಗಿಯೂ ಎಲ್ಲೂ ಕಾಣದಿದ್ದರೆ, ಒಂದೋ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಆ ಚಿಪ್ ಒಮ್ಮೆಯೂ ಉತ್ತರಿಸಿಲ್ಲ, ಇಲ್ಲವೇ ಅದರ ಹಳೆಯ ದಾಖಲೆಯನ್ನು ಯಾರೋ ಅಳಿಸಿದ್ದಾರೆ.

ಮಸುಕಾದ ಸಾಲು ಸಿಕ್ಕಿದರೆ ಅದರ ಪ್ರಾಪರ್ಟೀಸ್ ತೆರೆದು ಇವೆಂಟ್ಸ್ ಎಂಬ ಹಾಳೆಗೆ ಹೋಗಿ. ಹೆಚ್ಚಿನವರು ಈ ಹಾಳೆಯನ್ನು ನೋಡುವುದೇ ಇಲ್ಲ, ಆದರೆ ಇಡೀ ಸಮಸ್ಯೆಯ ಚರಿತ್ರೆ ಅಲ್ಲಿ ದಿನಾಂಕ ಮತ್ತು ಸಮಯದೊಂದಿಗೆ ದಾಖಲಾಗಿರುತ್ತದೆ: ಸಾಧನ ಯಾವಾಗ ಹೊಂದಿಸಲ್ಪಟ್ಟಿತು, ಯಾವಾಗ ಆರಂಭವಾಯಿತು, ಯಾವ ಡ್ರೈವರ್ ಕಡತದಿಂದ ಎಂದು. ಒಮ್ಮೆ ನನ್ನ ಸ್ವಂತ ಟ್ಯಾಬ್ಲೆಟ್‌ನಲ್ಲಿ ಅಡಾಪ್ಟರ್ ಕಾಣೆಯಾದಾಗ, ಹಿಂದಿನ ದಿನ ಬಂದ ವಿಂಡೋಸ್ ಅಪ್‌ಡೇಟ್ ಇದಕ್ಕೆ ಕಾರಣವೆಂದು ನಾನು ಖಚಿತವಾಗಿ ನಂಬಿದ್ದೆ. ಇವೆಂಟ್ಸ್ ಹಾಳೆಯಲ್ಲಿ ಹೊಸ ಡ್ರೈವರ್ ಬಂದ ದಾಖಲೆಯೇ ಇರಲಿಲ್ಲ. ಕೊನೆಯ ಸಾಲು, ಟ್ಯಾಬ್ಲೆಟನ್ನು ಮಲಗಿದ ಸ್ಥಿತಿಯಲ್ಲಿ ಚೀಲದೊಳಗೆ ಇಟ್ಟು ಮೂರು ದಿನ ಮರೆತುಬಿಟ್ಟಿದ್ದಕ್ಕೂ ಮೊದಲಿನದಾಗಿತ್ತು. ಅಪ್‌ಡೇಟನ್ನು ತೆಗೆದುಹಾಕುವ ಕೆಲಸಕ್ಕೆ ಕೈಹಾಕಿದ್ದರೆ ಒಂದು ಸಂಜೆ ವ್ಯರ್ಥವಾಗುತ್ತಿತ್ತು.

ಇದೇ ವೇಳೆ ಬ್ಲೂಟೂತ್ ಕಾಣುತ್ತಿದೆಯೇ ಎಂದೂ ನೋಡಿ. ಬಹುತೇಕ ಟ್ಯಾಬ್ಲೆಟ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡೂ ಒಂದೇ ಮಾಡ್ಯೂಲಿನಲ್ಲಿರುತ್ತವೆ, ಆದರೆ ಮದರ್‌ಬೋರ್ಡಿಗೆ ಬೇರೆ ಬೇರೆ ದಾರಿಗಳಿಂದ ಜೋಡಣೆಯಾಗಿರುತ್ತವೆ. ವೈಫೈ ಪಿಸಿಐ ಎಕ್ಸ್‌ಪ್ರೆಸ್ ಮೂಲಕ, ಬ್ಲೂಟೂತ್ ಯುಎಸ್‌ಬಿ ಮೂಲಕ ಎಂಬುದು ಸಾಮಾನ್ಯ ಏರ್ಪಾಡು. ಬ್ಲೂಟೂತ್ ಸರಿಯಿದ್ದು ವೈಫೈ ಮಾತ್ರ ಇಲ್ಲದಿದ್ದರೆ ಮಾಡ್ಯೂಲಿಗೆ ವಿದ್ಯುತ್ ತಲುಪುತ್ತಿದೆ ಎಂದು ಊಹಿಸಬಹುದು. ಎರಡೂ ಒಟ್ಟಿಗೆ ಮಾಯವಾಗಿದ್ದರೆ ಮಾಡ್ಯೂಲಿಗೆ ವಿದ್ಯುತ್ತೇ ಹೋಗುತ್ತಿಲ್ಲ, ಅದು ಪೂರ್ತಿ ಸಿಕ್ಕಿಕೊಂಡಿದೆ ಅಥವಾ ಯುಇಎಫ್‌ಐ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗ್‌ನಲ್ಲಿ ಆಫ್ ಆಗಿದೆ ಎಂಬ ಮೂರು ಸಾಧ್ಯತೆಗಳು ಮುಂದೆ ಬರುತ್ತವೆ. ಕಂಡದ್ದನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ಹಂತಗಳಲ್ಲಿ ಹೋಲಿಸಿ ನೋಡಲು ಬೇಕಾಗುತ್ತದೆ.

ಪೂರ್ತಿ ವಿದ್ಯುತ್ ಕಡಿತ: ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು

ಕೋಡ್ 10, ಕೋಡ್ 43, ಕೋಡ್ 45 ಅಥವಾ ಏನೂ ಕಾಣದಿರುವುದು, ಇವುಗಳಲ್ಲಿ ಯಾವುದೇ ಇರಲಿ, ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಟ್ಟಿರುವ ಹಂತ ಇದು. ಡ್ರೈವರ್ ಮುಟ್ಟುವ ಮೊದಲು ಇದನ್ನು ಮಾಡಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಇದರಿಂದ ಕಳೆದುಕೊಳ್ಳುವಂಥದ್ದು ಏನೂ ಇಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ವಿಂಡೋಸ್ 8ರ ಕಾಲದಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಚಾಲೂ ಇದ್ದರೆ, ಶಟ್ ಡೌನ್ ಒತ್ತಿದಾಗ ವಿಂಡೋಸ್‌ನ ತಿರುಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ; ಡ್ರೈವರ್‌ಗಳ ಸ್ಥಿತಿಯನ್ನು ಒಂದು ಕಡತದಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಂಡು ಮುಂದುವರಿಯುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಹಾಗಾಗಿ ಹತ್ತು ಬಾರಿ ಶಟ್ ಡೌನ್ ಮಾಡಿ ನೋಡಿದೆ, ಏನೂ ಆಗಲಿಲ್ಲ ಎನ್ನುವವರು ಒಂದು ಬಾರಿಯೂ ಪೂರ್ತಿ ಮುಚ್ಚಿರುವುದಿಲ್ಲ. ಮೊದಲು ರೀಸ್ಟಾರ್ಟ್ ಮಾಡಿ ನೋಡಿ. ಅದರಿಂದಾಗದಿದ್ದರೆ ಕೀಬೋರ್ಡಿನಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದೇ ಶಟ್ ಡೌನ್ ಆಯ್ಕೆಯನ್ನು ಒತ್ತಿ. ಆಗ ಟ್ಯಾಬ್ಲೆಟ್ ನಿಜವಾಗಿ ಮುಚ್ಚಿಕೊಳ್ಳುತ್ತದೆ.

ಮುಚ್ಚಿದ ಮೇಲೆ ಚಾರ್ಜರ್, ಕೀಬೋರ್ಡ್ ಕವರ್, ಮೆಮೊರಿ ಕಾರ್ಡ್, ಯುಎಸ್‌ಬಿಗೆ ಚುಚ್ಚಿರುವ ಎಲ್ಲವನ್ನೂ ತೆಗೆಯಿರಿ. ಪವರ್ ಗುಂಡಿಯನ್ನು ಬಿಡದೆ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ವಾಲ್ಯೂಮ್ ಏರಿಸುವ ಗುಂಡಿಯನ್ನೂ ಪವರ್ ಗುಂಡಿಯನ್ನೂ ಒಟ್ಟಿಗೆ 15 ಸೆಕೆಂಡಿಗೆ ಕಡಿಮೆಯಿಲ್ಲದಂತೆ ಒತ್ತಿ ಹಿಡಿಯಿರಿ. ಈ ಎರಡು ಗುಂಡಿಗಳ ಕ್ರಮ ಮೈಕ್ರೋಸಾಫ್ಟ್‌ನ ಸರ್ಫೇಸ್ ಪ್ರೊ 4 ಮತ್ತು ಅದಕ್ಕಿಂತ ಹಳೆಯ ಸರ್ಫೇಸ್‌ಗಳಿಗೆ ಹೇಳಿದ್ದು. ನಡುವೆ ಪರದೆಯಲ್ಲಿ ಲಾಂಛನ ಮಿಂಚಿ ಮರೆಯಾದರೂ ಕೈ ತೆಗೆಯಬಾರದು, ಬಹಳ ಜನ ಎಡವುವುದು ಅಲ್ಲಿಯೇ. ಇತರ ತಯಾರಕರ ಟ್ಯಾಬ್ಲೆಟ್‌ಗಳಲ್ಲಿ ಸಾಮಾನ್ಯವಾಗಿ ಪವರ್ ಗುಂಡಿಯ ದೀರ್ಘ ಒತ್ತುವಿಕೆಯೇ ಸಾಕಾಗುತ್ತದೆ. ಬಿಟ್ಟ ಮೇಲೆ ಹತ್ತು ಸೆಕೆಂಡ್ ಕಾದು ಆನ್ ಮಾಡಿ.

ಇಷ್ಟಕ್ಕೂ ಬಗ್ಗದಿದ್ದರೆ ಬ್ಯಾಟರಿಯನ್ನೇ ಬರಿದು ಮಾಡುವುದು ಉಳಿಯುತ್ತದೆ. ಪರದೆಯ ಹೊಳಪನ್ನು ಪೂರ್ತಿ ಏರಿಸಿ, ಟ್ಯಾಬ್ಲೆಟ್ ತಾನಾಗಿ ಆರುವವರೆಗೆ ಬಿಡಿ; ಯುಇಎಫ್‌ಐ ಪರದೆಯನ್ನು (ಅಲ್ಲಿಗೆ ಹೋಗುವ ದಾರಿ ಮುಂದಿದೆ) ತೆರೆದಿಟ್ಟರೆ ವಿಂಡೋಸ್ ನಡುವೆ ಮಲಗಿಸುವ ತೊಂದರೆಯೂ ಇರುವುದಿಲ್ಲ. ಆರಿದ ಮೇಲೆ ಒಂದು ರಾತ್ರಿ ಹಾಗೇ ಇಟ್ಟು, ಬೆಳಿಗ್ಗೆ ಚಾರ್ಜ್ ಮಾಡಿ ಆನ್ ಮಾಡಿ. ಮೇಲೆ ಹೇಳಿದ ನನ್ನ ಟ್ಯಾಬ್ಲೆಟ್ ಎದ್ದು ಬಂದದ್ದು ಹೀಗೆ: ಮಸುಕಾಗಿದ್ದ ಸಾಲು ಗಾಢ ಬಣ್ಣಕ್ಕೆ ತಿರುಗಿತ್ತು, ಹಳೆಯ ಪಾಸ್‌ವರ್ಡ್‌ಗಳೂ ಇದ್ದಂತೆಯೇ ಇದ್ದವು. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವುದು ಅದರ ಆಯುಷ್ಯಕ್ಕೆ ಒಳ್ಳೆಯದಲ್ಲವಾದ್ದರಿಂದ ಇದನ್ನು ಅಭ್ಯಾಸ ಮಾಡಿಕೊಳ್ಳಬಾರದು, ವಾರಗಟ್ಟಲೆ ಖಾಲಿ ಬ್ಯಾಟರಿಯಲ್ಲಿ ಇಡಲೂ ಬಾರದು. ಕೆಲವು ಥಿಂಕ್‌ಪ್ಯಾಡ್ ಮಾದರಿಗಳ ಸೆಟಪ್ ಪರದೆಯಲ್ಲಿ ಪವರ್ ವಿಭಾಗದಡಿ ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ ಎಂಬ ಆಯ್ಕೆಯಿರುತ್ತದೆ. ಅದಿದ್ದರೆ ಬರಿದು ಮಾಡುವ ಅಗತ್ಯವಿಲ್ಲ, ಅದನ್ನೊತ್ತಿದರೆ ಬ್ಯಾಟರಿ ಒಳಗಿನಿಂದಲೇ ಬೇರ್ಪಡುತ್ತದೆ, ಚಾರ್ಜರ್ ಜೋಡಿಸಿದಾಗ ಮತ್ತೆ ಸೇರಿಕೊಳ್ಳುತ್ತದೆ.

ಡೌನ್‌ಲೋಡ್‌ಗೆ ತಾತ್ಕಾಲಿಕ ದಾರಿ

ಮುಂದಿನ ಹಂತಗಳಿಗೆ ಇಂಟರ್ನೆಟ್ ಬೇಕು, ಆದರೆ ವೈಫೈ ಇಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಟ್ಯಾಬ್ಲೆಟ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಚಾಲೂ ಮಾಡಿದರೆ ಸಾಕು. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಫೋನ್ ಸ್ವತಃ ವೈಫೈಗೆ ಜೋಡಣೆಯಾಗಿದ್ದರೆ ಆ ಸಂಪರ್ಕವನ್ನೇ ಟ್ಯಾಬ್ಲೆಟ್‌ಗೆ ದಾಟಿಸುತ್ತದೆ. ಐಫೋನ್ ಆದರೆ ಆಪಲ್‌ನ ಡ್ರೈವರ್ ಮೊದಲೇ ಇರಬೇಕಾಗುತ್ತದೆ. ಇದ್ಯಾವುದೂ ಆಗದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ ಪೆನ್ ಡ್ರೈವ್‌ನಲ್ಲಿ ತರಬಹುದು.

ಡ್ರೈವರ್ ಕೆಲಸ

ಚಿಪ್ ಉತ್ತರಿಸುತ್ತಿದೆ ಎಂದು ತಿಳಿದ ಮೇಲೆ ಮಾತ್ರ ಈ ಹಂತಕ್ಕೆ ಬನ್ನಿ. ಮೊದಲು ಆ ಚಿಪ್ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ಅಥವಾ ಹೆಸರಿಲ್ಲದ ನೆಟ್‌ವರ್ಕ್ ಕಂಟ್ರೋಲರಿನ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಹಾಳೆಯಲ್ಲಿ ಹಾರ್ಡ್‌ವೇರ್ ಐಡಿಸ್ ಎಂಬುದನ್ನು ಆರಿಸಿ. ಪಿಸಿಐ ಎಂದು ಆರಂಭವಾಗುವ ಸಾಲಿನಲ್ಲಿ ತಯಾರಕ ಸಂಖ್ಯೆ 8086 ಇದ್ದರೆ ಇಂಟೆಲ್, 168ಸಿ ಇದ್ದರೆ ಕ್ವಾಲ್ಕಾಮ್ ಅಥೆರಾಸ್, 10ಇಸಿ ಇದ್ದರೆ ರಿಯಲ್‌ಟೆಕ್, 14ಇ4 ಇದ್ದರೆ ಬ್ರಾಡ್‌ಕಾಮ್, 11ಎಬಿ ಇದ್ದರೆ ಮಾರ್ವೆಲ್. ಎಸ್‌ಡಿ ಎಂದು ಆರಂಭವಾದರೆ ಅದು ಎಸ್‌ಡಿಐಒ ದಾರಿಯ ಚಿಪ್. ಅಲ್ಲಿ ರಿಯಲ್‌ಟೆಕ್‌ನ ಸಂಖ್ಯೆ 024ಸಿ, ಬ್ರಾಡ್‌ಕಾಮ್‌ನದು 02ಡಿ0. ಈ ಸಂಖ್ಯೆಗಳನ್ನು ನೋಡದೆ ಡ್ರೈವರ್ ಹುಡುಕುವುದು ವಿಳಾಸವಿಲ್ಲದೆ ಮನೆ ಹುಡುಕಿದಂತೆ.

ಹೊಸ ಅಪ್‌ಡೇಟ್ ಬಂದ ಮೇಲೆ ತೊಂದರೆ ಶುರುವಾಗಿದ್ದರೆ, ಅಂದರೆ ಇವೆಂಟ್ಸ್ ಹಾಳೆಯ ದಿನಾಂಕ ಹಾಗೆ ಹೇಳುತ್ತಿದ್ದರೆ, ಡ್ರೈವರ್ ಹಾಳೆಯಲ್ಲಿರುವ ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಿಂದಿನ ಆವೃತ್ತಿಗೆ ಮರಳಿ. ಆ ಗುಂಡಿ ಮಸುಕಾಗಿದ್ದರೂ ದಾರಿ ಮುಚ್ಚಿಲ್ಲ: ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲಿ ನಾನೇ ಹುಡುಕುತ್ತೇನೆ ಎಂಬರ್ಥದ ಬ್ರೌಸ್ ಮೈ ಕಂಪ್ಯೂಟರ್ ಆಯ್ಕೆಗೆ ಹೋಗಿ, ಕೆಳಗಿರುವ ಲೆಟ್ ಮಿ ಪಿಕ್ ಎಂಬ ಸಾಲನ್ನು ಒತ್ತಿದರೆ ಈಗಾಗಲೇ ಟ್ಯಾಬ್ಲೆಟ್‌ನಲ್ಲಿರುವ ಹೊಂದಿಕೆಯಾಗುವ ಡ್ರೈವರ್‌ಗಳೆಲ್ಲ ಆವೃತ್ತಿ ಸಂಖ್ಯೆಯೊಂದಿಗೆ ಪಟ್ಟಿಯಾಗುತ್ತವೆ. ಹಳೆಯದೊಂದನ್ನು ಆರಿಸಿ ನೋಡಬಹುದು.

ಅದೂ ಫಲಿಸದಿದ್ದರೆ ಅನ್‌ಇನ್‌ಸ್ಟಾಲ್ ಡಿವೈಸ್ ಒತ್ತಬೇಕು. ಆಗ ಬರುವ ಚಿಕ್ಕ ಕಿಟಕಿಯಲ್ಲಿ ಡ್ರೈವರ್ ಕಡತಗಳನ್ನೂ ಅಳಿಸಬೇಕೇ ಎಂದು ಕೇಳುವ ಒಂದು ಚೌಕವಿರುತ್ತದೆ. ಮೊದಲ ಪ್ರಯತ್ನದಲ್ಲಿ ಅದನ್ನು ಗುರುತು ಮಾಡಬೇಡಿ. ಸಾಧನವನ್ನು ಮಾತ್ರ ತೆಗೆದು, ಆಕ್ಷನ್ ಮೆನುವಿನ ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್ ಒತ್ತಿ, ಬಳಿಕ ರೀಸ್ಟಾರ್ಟ್ ಮಾಡಿ. ಚೌಕವನ್ನು ಗುರುತು ಮಾಡಿ ಕಡತಗಳನ್ನು ಅಳಿಸುವುದು, ಸರಿಯಾದ ಡ್ರೈವರಿನ ಪ್ರತಿ ಪೆನ್ ಡ್ರೈವ್‌ನಲ್ಲಿ ಇದೆ ಎಂದು ಕಣ್ಣಾರೆ ಕಂಡ ಮೇಲೆ ಮಾತ್ರ. ಇಂಟರ್ನೆಟ್ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಇದ್ದ ಒಂದು ಡ್ರೈವರನ್ನೂ ಅಳಿಸಿ ಕೈಚೆಲ್ಲಿ ಕೂತವರ ಸ್ಥಿತಿ ನಿಜಕ್ಕೂ ಕಷ್ಟದ್ದು.

ಡ್ರೈವರನ್ನು ಚಿಪ್ ತಯಾರಕರಿಗಿಂತ ಮೊದಲು ಟ್ಯಾಬ್ಲೆಟ್ ತಯಾರಕರ ತಾಣದಿಂದ, ನಿಮ್ಮ ಮಾದರಿ ಸಂಖ್ಯೆಯನ್ನು ಕೊಟ್ಟು ಪಡೆಯಿರಿ. ಎಸ್‌ಡಿಐಒ ಚಿಪ್‌ಗಳಲ್ಲಿ ಇದು ಬಹಳ ಮುಖ್ಯ, ಏಕೆಂದರೆ ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಡ್ರೈವರಿನ ಜೊತೆಗೆ ಆ ಮದರ್‌ಬೋರ್ಡಿಗೆಂದೇ ಹೊಂದಿಸಿದ ಒಂದು ಅಳತೆಯ ಕಡತವೂ ಬೇಕಾಗುತ್ತದೆ, ಅದು ಬೇರೆಲ್ಲೂ ಸಿಗುವುದಿಲ್ಲ. ಅಗ್ಗದ ಆಟಮ್ ಟ್ಯಾಬ್ಲೆಟ್‌ಗಳಲ್ಲಿ ವಿಂಡೋಸನ್ನು ಹೊಸದಾಗಿ ಹಾಕಿದ ಮೇಲೆ ವೈಫೈ ಮಾಯವಾಗುವುದಕ್ಕೆ ಇನ್ನೊಂದು ಕಾರಣವಿದೆ: ಚಿಪ್‌ಸೆಟ್ ಡ್ರೈವರ್‌ಗಳು (ಬೋರ್ಡಿನ ಒಳದಾರಿಗಳನ್ನು ನಡೆಸುವವು) ಇಲ್ಲದಿದ್ದರೆ ಎಸ್‌ಡಿಐಒ ದಾರಿಯೇ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಚಿಪ್‌ಸೆಟ್, ಆಮೇಲೆ ವೈಫೈ ಎಂಬ ಕ್ರಮವನ್ನು ತಪ್ಪಿಸಬಾರದು. ಎಆರ್‌ಎಂ ಪ್ರೊಸೆಸರ್ ಇರುವ ಟ್ಯಾಬ್ಲೆಟ್‌ಗಳಿಗೆ ಇಂಟೆಲ್ ಅಥವಾ ಎಎಂಡಿ ಯಂತ್ರಗಳ ಡ್ರೈವರ್‌ಗಳು ಹೊಂದುವುದೇ ಇಲ್ಲ.

ಈ ವಿಷಯದಲ್ಲಿ ಮೂರನೆಯವರ ಡ್ರೈವರ್ ಹುಡುಕುವ ತಂತ್ರಾಂಶಗಳನ್ನು ದಯವಿಟ್ಟು ಬಳಸಬೇಡಿ. ತಪ್ಪು ಡ್ರೈವರ್ ಹಾಕಿ, ಒಂದಿದ್ದ ಸಮಸ್ಯೆಯನ್ನು ಮೂರು ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ.

ಸಣ್ಣಪುಟ್ಟ ಪರೀಕ್ಷೆಗಳು

ಸರ್ವಿಸಸ್ ಪಟ್ಟಿಯಲ್ಲಿ ಡಬ್ಲ್ಯೂಲ್ಯಾನ್ ಆಟೋಕಾನ್ಫಿಗ್ ಎಂಬುದು ನಿಂತಿದ್ದರೆ ಅಡಾಪ್ಟರ್ ಡಿವೈಸ್ ಮ್ಯಾನೇಜರ್‌ನಲ್ಲಿ ಸರಿಯಾಗಿಯೇ ಕಂಡರೂ ಸೆಟ್ಟಿಂಗ್ಸ್‌ನಲ್ಲಿ ವೈಫೈ ಬರುವುದಿಲ್ಲ. ಅದನ್ನು ಆರಂಭಿಸಿ, ಆರಂಭದ ವಿಧಾನವನ್ನು ಆಟೋಮ್ಯಾಟಿಕ್ ಎಂದು ಇರಿಸಿ. ಅಡಾಪ್ಟರ್ ಮರಳಿ ಬಂದು ಎರಡು ದಿನಕ್ಕೊಮ್ಮೆ ಮತ್ತೆ ಮಾಯವಾಗುತ್ತಿದ್ದರೆ, ಅದರ ಪ್ರಾಪರ್ಟೀಸ್‌ನ ಪವರ್ ಮ್ಯಾನೇಜ್‌ಮೆಂಟ್ ಹಾಳೆಯಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅನುಮತಿಯ ಗುರುತನ್ನು ತೆಗೆಯಿರಿ. ಅನೇಕ ಹೊಸ ಟ್ಯಾಬ್ಲೆಟ್‌ಗಳಲ್ಲಿ ಆ ಹಾಳೆಯೇ ಇರುವುದಿಲ್ಲ, ಆಗ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ ನೋಡುವುದು ಒಳ್ಳೆಯದು. ಇಂಟೆಲ್ ಚಿಪ್ ಇದ್ದರೆ ಇವೆಂಟ್ ವ್ಯೂವರ್‌ನ ಸಿಸ್ಟಮ್ ದಾಖಲೆಯಲ್ಲಿ 5002 ಎಂಬ ಸಂಖ್ಯೆಯ ದೋಷವನ್ನು ಹುಡುಕಿ. ಅಡಾಪ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಡ್ರೈವರ್ ಸ್ವತಃ ಬರೆದಿಡುವ ಸಾಲು ಅದು, ಅದರ ಸಮಯವನ್ನು ನೋಡಿದರೆ ನಿದ್ದೆಯಿಂದ ಏಳುವಾಗ ಆಗುತ್ತಿದೆಯೇ ಎಂದು ತಿಳಿಯುತ್ತದೆ.

ನೆಟ್‌ವರ್ಕ್ ರೀಸೆಟ್ ಎಂಬ ಆಯ್ಕೆಯನ್ನು ಎಲ್ಲರೂ ಮೊದಲಿಗೇ ಸೂಚಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಡಾಪ್ಟರೇ ಕಾಣದಿರುವಾಗ ಅದರಿಂದ ಸಿಗುವ ಲಾಭ ಕಡಿಮೆ, ನಷ್ಟ ಖಚಿತ. ಅದು ಇರುವ ಅಡಾಪ್ಟರ್‌ಗಳನ್ನು ತೆಗೆದು ಮತ್ತೆ ಹಾಕುತ್ತದೆ, ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ವಿಪಿಎನ್ ತಂತ್ರಾಂಶವನ್ನು ಮತ್ತೆ ಹೊಂದಿಸಬೇಕಾಗಬಹುದು. ಉತ್ತರಿಸದ ಚಿಪ್‌ನ ಬಾಯಿ ಬಿಡಿಸುವ ಶಕ್ತಿ ಅದಕ್ಕಿಲ್ಲ.

ಯುಇಎಫ್‌ಐ ಒಳಗೆ ಹೋಗುವ ಮುನ್ನ

ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಬಹಳಷ್ಟು ಟ್ಯಾಬ್ಲೆಟ್‌ಗಳಲ್ಲಿ ಬಳಕೆದಾರರಿಗೆ ಗೊತ್ತಿಲ್ಲದೆಯೇ ಕಡತಗಳನ್ನು ಗೂಢಲಿಪಿಯಲ್ಲಿಡುವ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ ಚಾಲೂ ಇರುತ್ತದೆ. ಯುಇಎಫ್‌ಐ ಸೆಟ್ಟಿಂಗ್ ಬದಲಿಸಿದಾಗ ಅಥವಾ ಫರ್ಮ್‌ವೇರ್ ಅಪ್‌ಡೇಟ್ ಮಾಡಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಒಳಗಿನ ಕಡತಗಳಾವುವೂ ಸಿಗುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಉಳಿದಿದೆಯೇ ಎಂದು ಫೋನಿನಿಂದಲೇ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ, ಮುಖ್ಯ ಕಡತಗಳನ್ನು ಪೆನ್ ಡ್ರೈವ್‌ಗೆ ನಕಲಿಸಿ, ಆಮೇಲೆ ಮುಂದುವರಿಯಿರಿ.

ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ಅಡ್ವಾನ್ಸ್ಡ್ ಸ್ಟಾರ್ಟಪ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂಬ ದಾರಿಯಲ್ಲಿ ಹೋದರೆ ಅಲ್ಲಿಗೆ ತಲುಪಬಹುದು. ಸರ್ಫೇಸ್‌ನಲ್ಲಿ ವಾಲ್ಯೂಮ್ ಏರಿಸುವ ಗುಂಡಿಯನ್ನು ಹಿಡಿದು ಆನ್ ಮಾಡಿದರೂ ಸಾಕು. ಡಿವೈಸಸ್ ಅಥವಾ ವೈರ್‌ಲೆಸ್ ಎಂಬ ವಿಭಾಗದಲ್ಲಿ ವೈಫೈ ಮತ್ತು ಬ್ಲೂಟೂತ್ ಚಾಲೂ ಇವೆಯೇ ನೋಡಿ. ಚಾಲೂ ಇದ್ದರೂ ಒಮ್ಮೆ ಆಫ್ ಮಾಡಿ, ಉಳಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಚಾಲೂ ಮಾಡಿ. ಇದರಿಂದ ಮಾಡ್ಯೂಲಿನ ವಿದ್ಯುತ್ ದಾರಿ ಹೊಸದಾಗಿ ಶುರುವಾಗುವ ಸಾಧ್ಯತೆಯಿದೆ. ತಯಾರಕರು ನಿಮ್ಮ ಮಾದರಿಗೆ ಹೊಸ ಫರ್ಮ್‌ವೇರ್ ಕೊಟ್ಟಿದ್ದರೆ ಚಾರ್ಜರ್ ಜೋಡಿಸಿಟ್ಟೇ ಅದನ್ನು ಹಾಕಿ, ನಡುವೆ ಆಫ್ ಮಾಡಬೇಡಿ.

ದೋಷ ವಿಂಡೋಸ್‌ನದೋ ಚಿಪ್‌ನದೋ: ನಿರ್ಣಾಯಕ ಪರೀಕ್ಷೆ

ಇಲ್ಲಿಯವರೆಗೂ ಅಡಾಪ್ಟರ್ ಬಂದಿಲ್ಲವಾದರೆ ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕುವ ಯೋಚನೆ ಬರುವುದು ಸಹಜ. ಅದಕ್ಕೂ ಮೊದಲು ಉಬುಂಟುವಿನಂಥ ಲಿನಕ್ಸನ್ನು ಪೆನ್ ಡ್ರೈವ್‌ನಿಂದ ಓಡಿಸಿ ನೋಡಿ; ಟ್ಯಾಬ್ಲೆಟ್‌ನಲ್ಲಿ ಸ್ಥಾಪಿಸಬೇಕಿಲ್ಲ, ಪರೀಕ್ಷಿಸುವ ಆಯ್ಕೆಯನ್ನಷ್ಟೇ ಆರಿಸಬೇಕು. ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ (lspci) ಎಂಬ ಆದೇಶ ಕೊಟ್ಟರೆ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಉತ್ತರಿಸಿದ ಎಲ್ಲ ಸಾಧನಗಳ ಪಟ್ಟಿ ಬರುತ್ತದೆ. ಡ್ರೈವರ್ ಇರಲಿ ಇಲ್ಲದಿರಲಿ, ಚಿಪ್ ಉತ್ತರಿಸುತ್ತಿದ್ದರೆ ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲು ಅಲ್ಲಿ ಕಾಣಲೇಬೇಕು. ಕಂಡರೆ ದೋಷ ವಿಂಡೋಸ್‌ನದು, ಮರುಸ್ಥಾಪನೆಗೆ ಅರ್ಥವಿದೆ. ಕಾಣದಿದ್ದರೆ ಮರುಸ್ಥಾಪನೆಯಿಂದ ಏನೂ ಆಗದು. ಎಸ್‌ಡಿಐಒ ಚಿಪ್‌ಗಳು ಈ ಪಟ್ಟಿಯಲ್ಲಿ ಬರುವುದಿಲ್ಲ ಎಂಬುದು ನೆನಪಿರಲಿ. ಅವುಗಳಿಗೆ ಆರಂಭದ ಸಂದೇಶಗಳ ದಾಖಲೆಯಲ್ಲಿ ಎಸ್‌ಡಿಐಒ ಕಾರ್ಡ್ ಎಂಬ ಪದವನ್ನು ಹುಡುಕಬೇಕು. ಬೇ ಟ್ರೇಲ್ ಆಟಮ್ ಇರುವ ಅನೇಕ ಟ್ಯಾಬ್ಲೆಟ್‌ಗಳಲ್ಲಿ ಪ್ರೊಸೆಸರ್ 64 ಬಿಟ್‌ನದಾದರೂ ಯುಇಎಫ್‌ಐ 32 ಬಿಟ್‌ನದು, ಹಾಗಾಗಿ 64 ಬಿಟ್‌ಗೆಂದು ತಯಾರಿಸಿದ ಸಾಮಾನ್ಯ ಲಿನಕ್ಸ್ ಪೆನ್ ಡ್ರೈವ್ ಅಲ್ಲಿ ಓಡುವುದಿಲ್ಲ.

ಆಂಡ್ರಾಯ್ಡ್ ಮತ್ತು ಐಪ್ಯಾಡ್

ಆಂಡ್ರಾಯ್ಡ್‌ನಲ್ಲಿ ವೈಫೈ ಗುಂಡಿಯನ್ನು ಒತ್ತಿದರೂ ಅದು ತಾನಾಗಿ ಹಿಂದಕ್ಕೆ ಜಾರುವುದು ಈ ತೊಂದರೆಯ ಗುರುತು. ಪವರ್ ಗುಂಡಿಯ ದೀರ್ಘ ಒತ್ತುವಿಕೆಯಿಂದ ಬಲವಂತದ ರೀಸ್ಟಾರ್ಟ್, ಆಮೇಲೆ ಸೇಫ್ ಮೋಡ್ (ನಾವು ಹಾಕಿಕೊಂಡ ಆ್ಯಪ್‌ಗಳಿಲ್ಲದೆ ಆರಂಭಿಸುವುದು), ಆಮೇಲೆ ಸಿಸ್ಟಮ್ ವಿಭಾಗದ ರೀಸೆಟ್ ಆಯ್ಕೆಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಮರುಹೊಂದಿಕೆ, ಇಷ್ಟು ಕ್ರಮವಾಗಿ ಮಾಡಬಹುದು. ಬೇರೆ ರಾಮ್ (ತಯಾರಕರದಲ್ಲದ ಆಂಡ್ರಾಯ್ಡ್ ಆವೃತ್ತಿ) ಹಾಕಿದ ಮೇಲೆ ಹೀಗಾಗಿದ್ದರೆ ಆ ಮಾದರಿಯ ಮೂಲ ಫರ್ಮ್‌ವೇರನ್ನೇ ಮತ್ತೆ ಹಾಕಬೇಕು. ಫ್ಯಾಕ್ಟರಿ ರೀಸೆಟ್ ಕಡತಗಳನ್ನೆಲ್ಲ ಅಳಿಸುವುದರಿಂದ, ಕೇಬಲ್ ಮೂಲಕ ಎಲ್ಲವನ್ನೂ ಕಂಪ್ಯೂಟರಿಗೆ ನಕಲಿಸಿದ ಮೇಲಷ್ಟೇ ಅದಕ್ಕೆ ಕೈಹಾಕಿ.

ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿರುವ ಅಬೌಟ್ ಪುಟದಲ್ಲಿ ವೈಫೈ ಅಡ್ರೆಸ್ ಎಂಬ ಸಾಲನ್ನು ನೋಡಿ. ಅಲ್ಲಿ ವಿಳಾಸ ಇಲ್ಲದಿದ್ದು, ವೈಫೈ ಗುಂಡಿಯೂ ಮಸುಕಾಗಿದ್ದರೆ ಚಿಪ್ ಉತ್ತರಿಸುತ್ತಿಲ್ಲ. ಹೋಮ್ ಗುಂಡಿ ಇಲ್ಲದ ಮಾದರಿಯಲ್ಲಿ ವಾಲ್ಯೂಮ್ ಗುಂಡಿಗಳಲ್ಲಿ ಮೇಲಿನ ಗುಂಡಿಗೆ ಸಮೀಪದ್ದನ್ನು ಮೊದಲು, ಇನ್ನೊಂದನ್ನು ಆಮೇಲೆ ಒಮ್ಮೊಮ್ಮೆ ಒತ್ತಿ ಬಿಟ್ಟು, ಮೇಲಿನ ಗುಂಡಿಯನ್ನು ಆಪಲ್ ಲಾಂಛನ ಬರುವವರೆಗೆ ಹಿಡಿಯಿರಿ. ಹೋಮ್ ಗುಂಡಿ ಇದ್ದರೆ ಅದನ್ನೂ ಮೇಲಿನ ಗುಂಡಿಯನ್ನೂ ಒಟ್ಟಿಗೆ ಹಿಡಿಯಬೇಕು. ಬದಲಾಗದಿದ್ದರೆ ಕಂಪ್ಯೂಟರಿಗೆ ಬ್ಯಾಕಪ್ ತೆಗೆದು, ಅಲ್ಲಿಂದಲೇ ರಿಸ್ಟೋರ್ ಮಾಡುವುದು ಕೊನೆಯ ಮನೆಮದ್ದು.

ರಿಪೇರಿಗೆ ಕೊಡುವಾಗ

ಚಿಪ್ ಉತ್ತರಿಸುತ್ತಿಲ್ಲ ಎಂದು ಖಚಿತವಾದರೆ, ಅದು ಕಳಚಬಹುದಾದ ಎಂ.2 ಕಾರ್ಡೋ ಬೋರ್ಡಿಗೆ ಬೆಸುಗೆ ಹಾಕಿದ್ದೋ ಎಂಬುದನ್ನು ಮೊದಲು ತಿಳಿಯಿರಿ. ಬಹುತೇಕ ತೆಳುವಾದ ಟ್ಯಾಬ್ಲೆಟ್‌ಗಳಲ್ಲಿ ಬೆಸುಗೆ ಹಾಕಿರುತ್ತಾರೆ. ಕಾರ್ಡ್ ಬದಲಿಸುವವರು ಇಂಟೆಲ್‌ನ ಎರಡು ಬಗೆಗಳನ್ನು ಗೊಂದಲ ಮಾಡಿಕೊಳ್ಳಬಾರದು: ಎಎಕ್ಸ್200 ಪೂರ್ಣ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್, ಎಎಕ್ಸ್201 ಮಾತ್ರ ಪ್ರೊಸೆಸರಿನೊಳಗಿನ ಭಾಗವನ್ನು ಅವಲಂಬಿಸಿದ ಅರ್ಧ ಕಾರ್ಡ್. ನೋಡಲು ಒಂದೇ ತರಹ ಇದ್ದರೂ, ಎಎಕ್ಸ್201 ಅದಕ್ಕೆಂದೇ ಸಿದ್ಧವಾದ ಬೋರ್ಡಿನಲ್ಲಲ್ಲದೆ ಬೇರೆಡೆ ಕಾಣಿಸುವುದೇ ಇಲ್ಲ. ಆಂಟೆನಾ ವೈರ್ ಬಿಚ್ಚಿಹೋಗಿದೆ, ಅದಕ್ಕೇ ಅಡಾಪ್ಟರ್ ಕಾಣುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಂಟೆನಾ ಬಿಚ್ಚಿದರೆ ಸಿಗ್ನಲ್ ಕ್ಷೀಣಿಸುತ್ತದೆಯೇ ಹೊರತು ಅಡಾಪ್ಟರ್ ಮಾಯವಾಗುವುದಿಲ್ಲ. ಹಿಂಬದಿ ಅಥವಾ ಪರದೆ ಸ್ವಲ್ಪ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿಕೊಂಡಿರಬಹುದು. ಆಗ ಚಾರ್ಜ್ ಮಾಡುವುದನ್ನೂ ಒತ್ತಿ ಬಿಚ್ಚುವುದನ್ನೂ ತಕ್ಷಣ ನಿಲ್ಲಿಸಿ, ಬಲ್ಲವರ ಕೈಗೇ ಒಪ್ಪಿಸಿ.

ಬೋರ್ಡ್ ಬದಲಿಸುವುದು ಟ್ಯಾಬ್ಲೆಟ್‌ನ ಬೆಲೆಗೆ ಹೋಲಿಸಿದರೆ ಸಲ್ಲದು ಎನಿಸಿದರೆ, ಸಣ್ಣ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿಕೊಂಡು ವರ್ಷಗಟ್ಟಲೆ ನೆಮ್ಮದಿಯಿಂದ ಬಳಸಬಹುದು. ಯುಎಸ್‌ಬಿ 3 ಪೋರ್ಟ್‌ಗಳಿಂದ 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡಚಣೆಯಾಗುವುದರಿಂದ 5 ಗಿಗಾಹರ್ಟ್ಸ್ ಕೂಡ ಬಲ್ಲ ಅಡಾಪ್ಟರನ್ನು ಆರಿಸಿಕೊಳ್ಳಿ. ರಿಪೇರಿಗೇ ಕೊಡುವುದಾದರೆ, ಆರಂಭದಲ್ಲಿ ತೆಗೆದಿಟ್ಟ ಫೋಟೋಗಳನ್ನು ಜೊತೆಗೆ ಒಯ್ಯಿರಿ: ಯಾವ ಕೋಡ್ ಬಂದಿತ್ತು, ಇವೆಂಟ್ಸ್ ಹಾಳೆಯ ಕೊನೆಯ ದಿನಾಂಕ ಯಾವುದು, ಬ್ಲೂಟೂತ್ ಕಾಣುತ್ತಿತ್ತೇ, ಬ್ಯಾಟರಿ ಬರಿದು ಮಾಡಿದ ಮೇಲೆ ಏನಾಯಿತು, ಲಿನಕ್ಸ್ ಪಟ್ಟಿಯಲ್ಲಿ ಸಾಲು ಬಂತೇ ಇಲ್ಲವೇ. ಇಷ್ಟು ವಿವರ ಎದುರಿಗಿದ್ದರೆ, ಮೊದಲು ವಿಂಡೋಸ್ ಹೊಸದಾಗಿ ಹಾಕಿ ನೋಡೋಣ ಎಂದು ನಿಮ್ಮ ಕಡತಗಳನ್ನು ಅಳಿಸುವ ಪ್ರಸಂಗ ಬರುವುದಿಲ್ಲ.